ಅವನಿಗೆ ಅಷ್ಟು ದುಡ್ಡು ಕೊಟ್ಟಿದ್ದು ಸರಿಯಾ?

ಅಲೀಪುರದಲ್ಲಿ ಚಹಾ ಕುಡಿಯಲು ಕೂತರೆ ಎರಡು ಮಾತು ಕಿವಿಗೆ ಬಿದ್ದೇ ಬೀಳುತ್ತವೆ. ಒಂದು ಹರಳಿನ ರೇಟು, ಇನ್ನೊಂದು ಕ್ರಿಕೆಟ್ಟು. ಐಪಿಎಲ್ ಹರಾಜಿನ ದಿನ ಬಂತೆಂದರೆ ಎರಡೂ ಒಂದೇ ಮಾತಾಗಿಬಿಡುತ್ತವೆ. ಯಾರನ್ನು ಎಷ್ಟಕ್ಕೆ ಕೊಂಡರು, ಆ ಮಾಲು ಅಷ್ಟು ಬಾಳುತ್ತಾ ಇಲ್ಲವಾ. ನಾವು ವರದಿಗೆಂದು ಹೋದವರು ಎಷ್ಟೋ ಸಲ ನಡುವೆ ಸಿಕ್ಕಿಹಾಕಿಕೊಂಡು, ಬಂದ ಕೆಲಸ ಮರೆತು ಕೂತಿದ್ದೇವೆ.

ಹಾಗೆ ಕೂತಿದ್ದ ಒಂದು ಸಂಜೆ ಜಗಳ ಹತ್ತಿದ್ದು ಕೆ. ಗೌತಮ್ ಹೆಸರಿಗೆ.

"9 ಕೋಟಿ ಕೊಟ್ಟು ಬೆಂಚ್ ಮೇಲೆ ಕೂರಿಸಿದ್ರಲ್ಲ ಭಾಯ್, ಇದಕ್ಕಿಂತ ದಡ್ಡತನ ಉಂಟಾ?" ಅಂತ ಆಟೋ ಓಡಿಸುವ ಹುಡುಗ.

"ದಡ್ಡತನ ಅವನದಲ್ಲ ಬೇಟಾ, ಕೊಂಡವರದ್ದು. ಅವನೇನು ಅಷ್ಟು ಕೊಡಿ ಅಂತ ಕೇಳಿದ್ನಾ?" ಅಂತ ಹರಳಿನ ವ್ಯಾಪಾರದ ಹಿರಿಯರು.

ಇಬ್ಬರೂ ನಮ್ಮ ಕಡೆ ತಿರುಗಿದರು. ಪೇಪರಿನವರು, ನೀವು ಹೇಳಿ ಅಂದರು. ಆವತ್ತು ಅಲ್ಲಿ ಪೂರ್ತಿ ಹೇಳಲಾಗಲಿಲ್ಲ. ಬಸ್ ಬಂದುಬಿಟ್ಟಿತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಈ ಜಗಳ ನಮ್ಮದು ಮಾತ್ರ ಅಲ್ಲ. ಅಮೆರಿಕದಲ್ಲಿ ಇದಕ್ಕೆ ಸುಮಾರು 90 ವರ್ಷ ವಯಸ್ಸು. ಅಲ್ಲಿ ಫುಟ್‌ಬಾಲ್ ಅಂದರೆ ಕೈಯಲ್ಲಿ ಹಿಡಿದು ಓಡುವ ಆಟ. ಕಾಲೇಜು ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುತ್ತವೆ, ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಹಿಂದಿನ ವರ್ಷ ಕೊನೆಗೆ ಬಿದ್ದ ತಂಡಕ್ಕೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. 1936ರಲ್ಲಿ ನಡೆದ ಮೊದಲ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವನು ಜೇ ಬರ್ವೆಂಗರ್. ಆತ ಆ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಮೊಟ್ಟಮೊದಲ ಆಯ್ಕೆಯೇ ಹಾಗೆ!

ಆ ಆಟದಲ್ಲಿ ವೈಡ್ ರಿಸೀವರ್ ಅಂತ ಒಂದು ಸ್ಥಾನವಿದೆ. ಅಂಚಿನಲ್ಲಿ ಚಿರತೆಯ ಹಾಗೆ ಓಡಿ, ದೂರದಿಂದ ಎಸೆದ ಚೆಂಡನ್ನು ಹಿಡಿಯುವವನು. ಜನರಿಗೆ ಅವನ ಮೇಲೆ ಪ್ರೀತಿಯೂ ಜಾಸ್ತಿ, ಅನುಮಾನವೂ ಜಾಸ್ತಿ. ಯಾಕೆಂದರೆ ಅವನು ಎಷ್ಟೇ ಚೆನ್ನಾಗಿ ಓಡಿದರೂ ಚೆಂಡು ಎಸೆಯುವವನು ಬೇರೆ. ಎಸೆಯುವವನು ಸರಿಯಿಲ್ಲದಿದ್ದರೆ ಇವನು ಬರೀ ಓಡಿ ವಾಪಸ್ ಬರಬೇಕು. 1998ರಲ್ಲಿ ರ‍್ಯಾಂಡಿ ಮಾಸ್ ಎಂಬ ರಿಸೀವರ್‌ನನ್ನು ಅವನ ನಡತೆಯ ಬಗೆಗಿನ ಅನುಮಾನದಿಂದ ಒಂದೊಂದೇ ತಂಡ ಬಿಟ್ಟುಬಿಟ್ಟಿತು. ಕೊನೆಗೆ 21ನೆಯವನಾಗಿ ಮಿನೆಸೋಟ ತಂಡ ತೆಗೆದುಕೊಂಡಿತು. ಮೊದಲ ವರ್ಷವೇ ಆತ 17 ಸಲ ಚೆಂಡು ಹಿಡಿದು ಗೆರೆ ದಾಟಿದ. ಬಿಟ್ಟವರ ಊರುಗಳಲ್ಲಿ ಅಭಿಮಾನಿಗಳು ಇವತ್ತಿಗೂ ಗೊಣಗುತ್ತಾರೆ.

ಇನ್ನು ನಮ್ಮ ಕಡೆಗೆ ಬರೋಣ. ಐಪಿಎಲ್ ಎಂದರೆ ಹರಾಜು ಎಂದಷ್ಟೇ ಎಲ್ಲರಿಗೂ ಗೊತ್ತು. ಆದರೆ ಮೊದಲ ವರ್ಷ ಅಲ್ಲೂ ಅಮೆರಿಕದ ಹಾಗೆ ಒಂದು ಡ್ರಾಫ್ಟ್ ನಡೆದಿತ್ತು. ಬೆಂಗಳೂರಿನ ಹಣೆಬರಹ ಬರೆದಿದ್ದು ಹರಾಜಿಗಿಂತ ಹೆಚ್ಚಾಗಿ ಅದೇ.

2008ರ ಫೆಬ್ರವರಿ 20ರಂದು ಮುಂಬೈಯಲ್ಲಿ ಮೊದಲ ಹರಾಜು. ಧೋನಿಗೆ 15 ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 6 ಕೋಟಿ. ನಮ್ಮ ಬೆಂಗಳೂರಿಗೆ ರಾಹುಲ್ ದ್ರಾವಿಡ್ ಐಕಾನ್ ಆಟಗಾರ. ಜೊತೆಗೆ ಕಾಲಿಸ್, ಚಂದ್ರಪಾಲ್, ವಾಸಿಂ ಜಾಫರ್. ಇದೇನು ಟೆಸ್ಟ್ ಟೀಮಾ ಅಂತ ಜನ ಆಗಲೇ ನಗಾಡಿದ್ದರು. ಅದಾದ ಕೆಲವೇ ದಿನಕ್ಕೆ, ಮಾರ್ಚ್ 2ರಂದು, ಮಲೇಷ್ಯಾದ ಕೌಲಾಲಂಪುರದಲ್ಲಿ ಭಾರತದ ಹುಡುಗರು 19 ವರ್ಷದೊಳಗಿನವರ ವಿಶ್ವಕಪ್ ಗೆದ್ದರು. ನಾಯಕ ವಿರಾಟ್ ಕೊಹ್ಲಿ. ಈ ಹುಡುಗರನ್ನು ಹರಾಜಿಗೆ ಹಾಕಲಿಲ್ಲ. ಸಂಬಳ ಮೊದಲೇ ನಿಗದಿ ಮಾಡಿ, ತಂಡಗಳು ಸರದಿಯಲ್ಲಿ ಆರಿಸಿಕೊಳ್ಳಲಿ ಎಂದರು.

ಕೊಹ್ಲಿ ದೆಹಲಿ ಹುಡುಗ. ಅವನನ್ನು ಆರಿಸುವ ಅವಕಾಶ ದೆಹಲಿ ತಂಡಕ್ಕೇ ಮೊದಲು ಸಿಕ್ಕಿತು. ಅವರು ಆರಿಸಿದ್ದು ಪ್ರದೀಪ್ ಸಂಗ್ವಾನ್ ಎಂಬ ಎಡಗೈ ವೇಗದ ಬೌಲರ್‌ನನ್ನು. ಈಗ ಕೇಳಿದರೆ ನಗು ಬರುತ್ತದೆ. ಆದರೆ ಆವತ್ತಿನ ದೆಹಲಿ ತಂಡ ನೋಡಿ: ಸೆಹ್ವಾಗ್, ಗಂಭೀರ್, ಶಿಖರ್ ಧವನ್, ಡಿವಿಲಿಯರ್ಸ್, ದಿಲ್ಶಾನ್, ಮನೋಜ್ ತಿವಾರಿ. ಮನೆ ತುಂಬ ಬ್ಯಾಟ್ಸ್‌ಮನ್‌ಗಳು. ಇನ್ನೊಬ್ಬನನ್ನು ತಂದು ಎಲ್ಲಿ ಕೂರಿಸುವುದು? ಅವರಿಗೆ ಬೇಕಿದ್ದದ್ದು ಬೌಲರ್. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ ಎಂದೇ ನಮಗನಿಸುತ್ತದೆ. ಆ ವರ್ಷ ದೆಹಲಿ ಸೆಮಿಫೈನಲ್‌ಗೂ ಹೋಯಿತು.

ಬಿಟ್ಟ ಹುಡುಗ ಬೆಂಗಳೂರಿಗೆ ಬಂದ. ಸುಮಾರು 12 ಲಕ್ಷ ರೂಪಾಯಿಗೆ.

ಬಂದವನು ಏನು ಮಾಡಿದ? ಏಪ್ರಿಲ್ 18, 2008. ಚಿನ್ನಸ್ವಾಮಿಯಲ್ಲಿ ಐಪಿಎಲ್‌ನ ಮೊದಲ ಪಂದ್ಯ. ಕೋಲ್ಕತ್ತದ ಮೆಕಲಮ್ 158 ಬಾರಿಸಿದ. ನಮ್ಮವರು 82ಕ್ಕೆ ಆಲೌಟ್. ಕೊಹ್ಲಿ ಹೊಡೆದದ್ದು 1 ರನ್. ಆ ವರ್ಷ 13 ಪಂದ್ಯದಲ್ಲಿ ಒಟ್ಟು 165. ತಂಡ ಎಂಟರಲ್ಲಿ ಏಳನೆಯದು. ಅದೇ ಡ್ರಾಫ್ಟ್‌ನಿಂದ ಬಂದ ಇನ್ನೊಬ್ಬ ಹುಡುಗ ಶ್ರೀವತ್ಸ ಗೋಸ್ವಾಮಿಗೆ ಆ ಟೂರ್ನಿಯ ಅತ್ಯುತ್ತಮ 19ರ ಕೆಳಗಿನ ಆಟಗಾರ ಪ್ರಶಸ್ತಿ ಬಂತು. ಆವತ್ತು ಯಾರಾದರೂ ಲೆಕ್ಕ ಹಾಕಿದ್ದರೆ, ಇಬ್ಬರಲ್ಲಿ ಲಾಭದ ಆಯ್ಕೆ ಗೋಸ್ವಾಮಿ ಎಂದೇ ಹೇಳುತ್ತಿದ್ದರು. 2009ರಲ್ಲಿ ಕೊಹ್ಲಿ 246, 2010ರಲ್ಲಿ 307. ಮೂರು ವರ್ಷ ಅಷ್ಟೇ. ಇಂಥವನನ್ನು ಯಾಕೆ ಸಾಕುತ್ತೀರಿ ಎನ್ನಲು ಜನರಿಗೆ ಸಾಕಷ್ಟು ಕಾರಣವಿತ್ತು. ಆದರೆ 2011ರ ಹರಾಜಿಗೆ ಮುಂಚೆ ಆರ್‌ಸಿಬಿ ಎಲ್ಲರನ್ನೂ ಬಿಟ್ಟು ಉಳಿಸಿಕೊಂಡದ್ದು ಅವನೊಬ್ಬನನ್ನೇ. ದ್ರಾವಿಡ್ ರಾಜಸ್ಥಾನಕ್ಕೆ ಹೋದರು, ರಾಬಿನ್ ಉತ್ತಪ್ಪ ಪುಣೆಗೆ. ನಮ್ಮೂರ ಹುಡುಗರನ್ನೆಲ್ಲ ಬಿಟ್ಟು ದೆಹಲಿಯವನನ್ನು ಇಟ್ಟುಕೊಂಡರು ಅಂತ ಎಷ್ಟು ಬೈಗುಳ! ಆ ವರ್ಷ ಅವನು ಹೊಡೆದದ್ದು 557.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಒಂದು ಸಲ ಹೋಗಿ ನೋಡಿದವರಿಗೆ ಹರಾಜು ಎಂದರೇನು ಎಂದು ಗೊತ್ತು. ರೀಲರ್ ಬರುತ್ತಾನೆ, ಲಾಟಿನಿಂದ ನಾಲ್ಕು ಗೂಡು ತೆಗೆದು ಅಮುಕಿ ನೋಡುತ್ತಾನೆ, ಬಣ್ಣ ನೋಡುತ್ತಾನೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಆಮೇಲೆ ಬೆಲೆ ಹಾಕುತ್ತಾನೆ. ಆ ಲಾಟಿನಲ್ಲಿ ನಿಜಕ್ಕೂ ಎಷ್ಟು ನೂಲಿದೆ ಎಂದು ತಿಳಿಯುವುದು ಬಿಸಿನೀರಿಗೆ ಹಾಕಿ ಬಿಚ್ಚಿದ ಮೇಲೆ. ಅಷ್ಟರಲ್ಲಿ ದುಡ್ಡು ಕೈ ಬದಲಾಗಿರುತ್ತದೆ. ಒಂದು ವ್ಯತ್ಯಾಸ ಮಾತ್ರ ಇದೆ. ಹಾಕಿದ ರೇಟು ಒಪ್ಪಿಗೆಯಾಗದಿದ್ದರೆ ರೈತ ಬೇಡ ಅನ್ನಬಹುದು, ಇನ್ನೊಂದು ಸುತ್ತು ಕಾಯಬಹುದು. ಆಟಗಾರನಿಗೆ ಆ ಅವಕಾಶವಿಲ್ಲ. ಮೂಲ ಬೆಲೆ ಬರೆದು ಕೊಟ್ಟ ಮೇಲೆ ಕೊಂಡವನೇ ಯಜಮಾನ, ಕಳಿಸಿದ್ದೇ ಊರು.

ಮನೀಶ್ ಪಾಂಡೆಯ ಕಥೆ ನೋಡಿ. ಅದೇ 2008ರ ವಿಶ್ವಕಪ್ ತಂಡದವರು, ಕರ್ನಾಟಕಕ್ಕೆ ಆಡುತ್ತಾ ಬೆಳೆದವರು. ಡ್ರಾಫ್ಟ್‌ನಲ್ಲಿ ಹೋದದ್ದು ಮುಂಬೈಗೆ. ಮರುವರ್ಷ ಬೆಂಗಳೂರಿಗೆ ಬಂದರು. 2009ರ ಮೇ 21ರಂದು ದಕ್ಷಿಣ ಆಫ್ರಿಕಾದ ಸೆಂಚೂರಿಯನ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಮೇಲೆ ಅಜೇಯ 114. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ! ಸಚಿನ್ ಅಲ್ಲ, ಸೆಹ್ವಾಗ್ ಅಲ್ಲ, 19 ವರ್ಷದ ನಮ್ಮ ಹುಡುಗ. ಮೂರು ದಿನದ ನಂತರದ ಫೈನಲ್ ಅನ್ನು ಬೆಂಗಳೂರು 6 ರನ್‌ಗಳಿಂದ ಸೋತಿತು. ಈ 6 ರನ್ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಐದು ವರ್ಷದ ಮೇಲೆ, 2014ರ ಜೂನ್ 1ರಂದು, ಇದೇ ಪಾಂಡೆ ಚಿನ್ನಸ್ವಾಮಿಯಲ್ಲಿ ಫೈನಲ್ ಆಡಿದರು. ಪಂಜಾಬ್ ಕೊಟ್ಟ 200ರ ಗುರಿ. 50 ಎಸೆತಕ್ಕೆ 94 ಹೊಡೆದು ಕಪ್ಪು ಗೆಲ್ಲಿಸಿಕೊಟ್ಟರು. ಕೋಲ್ಕತ್ತಕ್ಕೆ. ನಮ್ಮ ಅಂಗಳದಲ್ಲಿ, ನಮ್ಮ ಹುಡುಗ, ಬೇರೆಯವರ ಕಪ್ಪು. 2018ರಲ್ಲಿ ಹೈದರಾಬಾದ್ ಅವರಿಗೆ 11 ಕೋಟಿ ಕೊಟ್ಟಿತು. 2023ರ ಡಿಸೆಂಬರ್ ಹರಾಜಿನಲ್ಲಿ ಕೋಲ್ಕತ್ತ ಅವರನ್ನು ಕೊಂಡದ್ದು 50 ಲಕ್ಷಕ್ಕೆ.

ಮೊದಲ ಕೆಲವು ವರ್ಷ ಭಾರತಕ್ಕೆ ಆಡದ ಹುಡುಗರು ಹರಾಜಿಗೇ ಬರುತ್ತಿರಲಿಲ್ಲ. ಇಷ್ಟು ವರ್ಷ ಆಡಿದವನಿಗೆ 10 ಲಕ್ಷ, ಅದಕ್ಕಿಂತ ಹೆಚ್ಚು ಆಡಿದವನಿಗೆ 20, ಮತ್ತೂ ಹಳಬನಿಗೆ 30 ಎಂದು ಕಟ್ಟುಬೆಲೆ ಇತ್ತು. 2014ರಿಂದ ಆ ಬೇಲಿ ತೆಗೆದರು. ಅಲ್ಲಿಂದಲೇ "ಯಾರವನು? ಅವನಿಗೆ ಇಷ್ಟಾ?" ಎಂಬ ಪ್ರಶ್ನೆ ಹಳ್ಳಿಹಳ್ಳಿಗೂ ಬಂದದ್ದು.

ಮರುವರ್ಷವೇ ನಮ್ಮ ಕೆ.ಸಿ. ಕಾರಿಯಪ್ಪ ಸಿಕ್ಕಿದರು. 2015ರ ಫೆಬ್ರವರಿ 16, ಹರಾಜು ನಡೆದದ್ದು ಬೆಂಗಳೂರಿನಲ್ಲೇ. ಮೂಲ ಬೆಲೆ 10 ಲಕ್ಷ. ರಣಜಿ ಆಡಿಲ್ಲ. ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬಿಜಾಪುರ ಬುಲ್ಸ್‌ಗೆ ಸ್ಪಿನ್ ಹಾಕಿದ್ದಷ್ಟೇ. ಕೋಲ್ಕತ್ತ ಕೊಟ್ಟದ್ದು 2 ಕೋಟಿ 40 ಲಕ್ಷ. ಆ ವರ್ಷ ಆಡಿದ್ದು ಒಂದೇ ಪಂದ್ಯ, ಅದೂ ಬೆಂಗಳೂರಿನ ಎದುರು. ತೆಗೆದ ವಿಕೆಟ್ ಯಾರದ್ದು ಗೊತ್ತೇ? ಡಿವಿಲಿಯರ್ಸ್‌ದು. ಮುಂದಿನ ವರ್ಷ ಪಂಜಾಬ್‌ಗೆ 80 ಲಕ್ಷಕ್ಕೆ ಹೋದರು. ಒಂದು ಪಂದ್ಯ, ಒಂದು ದೊಡ್ಡ ವಿಕೆಟ್, ಬೆಲೆ ಮೂರನೇ ಒಂದು ಭಾಗ.

ಈಗ ಗೌತಮ್. ಚಹಾ ಅಂಗಡಿಯ ಜಗಳ ಇವರದ್ದೇ ಆಗಿದ್ದರಿಂದ ಸ್ವಲ್ಪ ನಿಂತು ಹೇಳುತ್ತೇವೆ.

ಕೃಷ್ಣಪ್ಪ ಗೌತಮ್ ಆಫ್ ಸ್ಪಿನ್ ಹಾಕುತ್ತಾರೆ, ಕೆಳಗೆ ಬಂದು ಬೀಸುತ್ತಾರೆ. 2018ರಲ್ಲಿ ಅವರ ಮೂಲ ಬೆಲೆ 20 ಲಕ್ಷ. ರಾಜಸ್ಥಾನ 6 ಕೋಟಿ 20 ಲಕ್ಷಕ್ಕೆ ಕೊಂಡಿತು. ಆ ಏಪ್ರಿಲ್‌ನಲ್ಲಿ ಜೈಪುರದಲ್ಲಿ ಮುಂಬೈ ಎದುರು ಸೋಲುತ್ತಿದ್ದ ಪಂದ್ಯವನ್ನು 11 ಎಸೆತಕ್ಕೆ 33 ಹೊಡೆದು ಗೆಲ್ಲಿಸಿದರು. 2019ರ ಆಗಸ್ಟ್‌ನಲ್ಲಿ ಕೆಪಿಎಲ್‌ನಲ್ಲಿ ಬಳ್ಳಾರಿ ಟಸ್ಕರ್ಸ್ ಪರ ಶಿವಮೊಗ್ಗ ಲಯನ್ಸ್ ಎದುರು ಆಡಿದ್ದನ್ನು ಹೇಳಿದರೆ ಸುಳ್ಳು ಎಂದುಕೊಳ್ಳುತ್ತೀರಿ: 56 ಎಸೆತಕ್ಕೆ 134 ರನ್, ಆಮೇಲೆ ಬೌಲಿಂಗ್‌ನಲ್ಲಿ 15 ರನ್ ಕೊಟ್ಟು 8 ವಿಕೆಟ್. ಒಂದೇ ಸಂಜೆ, ಒಬ್ಬನೇ ಮನುಷ್ಯ.

2021ರ ಫೆಬ್ರವರಿ 18, ಚೆನ್ನೈನಲ್ಲಿ ಹರಾಜು. ಮತ್ತೆ ಮೂಲ ಬೆಲೆ 20 ಲಕ್ಷ. ಗೌತಮ್ ಆಗ ಅಹಮದಾಬಾದ್‌ನಲ್ಲಿ ಭಾರತ ತಂಡಕ್ಕೆ ನೆಟ್ ಬೌಲರ್ ಆಗಿದ್ದರು. ಕೋಲ್ಕತ್ತ ಮತ್ತು ಹೈದರಾಬಾದ್ ಹಟಕ್ಕೆ ಬಿದ್ದು ಬೆಲೆ ಏರಿಸಿದವು. ಕೊನೆಗೆ ನುಗ್ಗಿದ ಚೆನ್ನೈ 9 ಕೋಟಿ 25 ಲಕ್ಷಕ್ಕೆ ಎತ್ತಿಕೊಂಡಿತು. ಭಾರತಕ್ಕೆ ಇನ್ನೂ ಆಡದ ಭಾರತೀಯನಿಗೆ ಅಲ್ಲಿಯವರೆಗೆ ಸಿಕ್ಕ ಅತಿ ದೊಡ್ಡ ಮೊತ್ತ ಅದು.

ಇಲ್ಲಿ ಒಂದು ಸೂಕ್ಷ್ಮವಿದೆ. ಹರಾಜಿನಲ್ಲಿ ಗೆದ್ದವನು ಕೊಡುವ ಬೆಲೆಯನ್ನು ಕಟ್ಟುವವನು ಸೋತವನು. ಇಬ್ಬರು ಹಟ ಹಿಡಿಯದಿದ್ದರೆ ಚೆನ್ನೈಗೆ ಗೌತಮ್ 1 ಕೋಟಿಗೂ ಸಿಗುತ್ತಿದ್ದರೇನೋ. ಆಗ ಅವರನ್ನು ಬೆಂಚಿನ ಮೇಲೆ ಕೂರಿಸಿದ್ದು ಯಾರಿಗೂ ಸುದ್ದಿಯೇ ಆಗುತ್ತಿರಲಿಲ್ಲ.

ಆಡಿಸಲಿಲ್ಲ ಯಾಕೆ? ಚೆನ್ನೈನ ಪಿಚ್ ಸ್ಪಿನ್ನರ್‌ಗಳ ಸ್ವರ್ಗ. ಏಳು ಪಂದ್ಯ ಅಲ್ಲಿ ಆಡುವುದಾದರೆ ಆಫ್ ಸ್ಪಿನ್ನರ್ ಬೇಕೇ ಬೇಕು. ಬಹುಶಃ ಅದೇ ಲೆಕ್ಕದಲ್ಲಿ ಕೊಂಡಿರಬೇಕು. ಆದರೆ ಹರಾಜು ಮುಗಿದ ಮೇಲೆ, ಮಾರ್ಚ್‌ನಲ್ಲಿ, ವೇಳಾಪಟ್ಟಿ ಬಂತು. ಕೊರೊನಾ ಕಾಲ. ಆ ವರ್ಷ ಯಾವ ತಂಡವೂ ತನ್ನ ಊರಲ್ಲಿ ಆಡುವಂತಿಲ್ಲ! ಚೆನ್ನೈ ತಂಡ ಮುಂಬೈಯಲ್ಲಿ, ದೆಹಲಿಯಲ್ಲಿ, ಆಮೇಲೆ ದುಬೈ ಕಡೆ ಆಡಿತು, ಚೆನ್ನೈನಲ್ಲಿ ಒಂದೂ ಇಲ್ಲ. ಸ್ಪಿನ್‌ಗೆ ಜಡೇಜ ಇದ್ದರು, ಅದೇ ಹರಾಜಿನಲ್ಲಿ 7 ಕೋಟಿಗೆ ಬಂದ ಮೋಯಿನ್ ಅಲಿ ಇದ್ದರು. ಅಕ್ಟೋಬರ್ 15ರಂದು ದುಬೈಯಲ್ಲಿ ಚೆನ್ನೈ ಕಪ್ ಗೆದ್ದಿತು. ಗೌತಮ್ ಆಡಿದ ಪಂದ್ಯ ಸೊನ್ನೆ. ನಡುವೆ ಜುಲೈ 23ರಂದು ಕೊಲಂಬೊದಲ್ಲಿ ಭಾರತದ ಪರ ಒಂದು ಏಕದಿನ ಆಡಿ ಬಂದಿದ್ದರು, ಅದು ಬೇರೆ. ಮರುವರ್ಷ ಲಖನೌ ಅವರನ್ನು ಕೊಂಡದ್ದು 90 ಲಕ್ಷಕ್ಕೆ.

ಮಳೆ ಬರುತ್ತದೆಂದು ರಾಗಿ ಬಿತ್ತಿ, ಮಳೆ ಬಾರದೆ ಹೋದರೆ ಬೀಜವನ್ನು ಬೈಯುತ್ತೇವೆಯೇ? ಆದರೆ ಜನ ಬೈದದ್ದು ಬೀಜವನ್ನೇ. ಹಿರಿಯರ ಮಾತು ಸರಿ, ಆಟೋ ಹುಡುಗನದು ತಪ್ಪು. ಚಹಾ ಅಂಗಡಿಯಲ್ಲಿ ಹೇಳಲಾಗದ ತೀರ್ಪು ಇದು, ಓದಿದರೆ ನಮ್ಮ ಮೇಲೆ ಸಿಟ್ಟಾಗಬೇಡ ತಮ್ಮಾ.

ಬಿಟ್ಟ ತಪ್ಪಿನ ಲೆಕ್ಕ ಬೇರೆ. 2016ರಲ್ಲಿ ಕೆ.ಎಲ್. ರಾಹುಲ್ ಬೆಂಗಳೂರಿಗೆ 397 ರನ್ ಹೊಡೆದರು. 2017ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಿಂದ ಹೊರಗಿದ್ದರು. 2018ರಲ್ಲಿ ಆರ್‌ಸಿಬಿ ಉಳಿಸಿಕೊಂಡ ಮೂವರು ಕೊಹ್ಲಿ, ಡಿವಿಲಿಯರ್ಸ್ ಮತ್ತು ಸರ್ಫರಾಜ್ ಖಾನ್. ರಾಹುಲ್ ಪಂಜಾಬ್‌ಗೆ 11 ಕೋಟಿಗೆ ಹೋಗಿ ಆ ವರ್ಷ 659, ಮುಂದಿನ ವರ್ಷ 593, ಅದರ ಮುಂದೆ 670 ಹೊಡೆದರು. ಈ ಗಾಯ ಇನ್ನೂ ಮಾಗಿಲ್ಲ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ಅವರ ಹೆಸರು ಮತ್ತೆ ಬಂದಾಗ ಊರೂರಲ್ಲಿ ಹುಡುಗರು ಫೋನ್ ಹಿಡಿದು ಕೂತಿದ್ದರು. ಆರ್‌ಸಿಬಿ ಕೊನೆಯವರೆಗೆ ಹೋಗಲಿಲ್ಲ. 14 ಕೋಟಿಗೆ ದೆಹಲಿ. 2025ರ ಏಪ್ರಿಲ್ 10ರಂದು ಅದೇ ರಾಹುಲ್ ಚಿನ್ನಸ್ವಾಮಿಗೆ ಬಂದು ಅಜೇಯ 93 ಹೊಡೆದರು. ಗೆದ್ದ ಮೇಲೆ ಬ್ಯಾಟಿನಿಂದ ನೆಲದ ಮೇಲೆ ಸುತ್ತು ಗೆರೆ ಎಳೆದು, ಕಾಂತಾರ ಸಿನಿಮಾದ ಹಾಗೆ, ಬ್ಯಾಟನ್ನು ನೆಟ್ಟರು. ಇದು ನನ್ನ ಜಾಗ ಎಂಬಂತೆ. ಆವತ್ತು ಸೋತದ್ದು ನಮ್ಮ ತಂಡ. ಚಪ್ಪಾಳೆ ಹೊಡೆಯಬೇಕೋ ಬೇಡವೋ ತಿಳಿಯದೆ ಎಷ್ಟೋ ಮಂದಿ ಕೂತಿದ್ದೆವು.

ಕ್ರಿಕೆಟ್ ಬಿಟ್ಟು ಕಬಡ್ಡಿಗೆ ಬನ್ನಿ. ಅಮೆರಿಕದ ಆ ರಿಸೀವರ್‌ಗೆ ನಿಜವಾದ ಜೋಡಿ ನಮ್ಮ ರೈಡರ್. ಔಟಾದ ರೈಡರ್ ಹೊರಗೆ ಕೂರಬೇಕು. ತನ್ನ ಕಡೆಯವರು ಎದುರಾಳಿಯನ್ನು ಔಟ್ ಮಾಡಿದರೆ ಮಾತ್ರ ಅವನು ಒಳಗೆ ಬರುವುದು. ಹಿಡಿಯುವವರು ಸರಿಯಿಲ್ಲದಿದ್ದರೆ ಎಂಥ ಹುಲಿಯೂ ಬೆಂಚಿನ ಮೇಲಿನ ಬೆಕ್ಕು. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಕಪ್ ಗೆದ್ದಾಗ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದಿದ್ದರು. 2022ರಲ್ಲಿ ತಮಿಳ್ ತಲೈವಾಸ್ ಅವರಿಗೆ 2 ಕೋಟಿ 26 ಲಕ್ಷ ಕೊಟ್ಟಿತು. ಮೊದಲ ಪಂದ್ಯದಲ್ಲೇ ಮೊಣಕಾಲು ಹೋಯಿತು, ಆ ಸೀಸನ್ ಮುಗಿಯಿತು. ಮರುವರ್ಷ ತೆಲುಗು ಟೈಟನ್ಸ್ 2 ಕೋಟಿ 60 ಲಕ್ಷದ ಮೇಲೆ ಕೊಟ್ಟಿತು. ತಂಡ ಗೆದ್ದದ್ದು 22ರಲ್ಲಿ ಎರಡೇ ಪಂದ್ಯ. ನಮ್ಮ ಬುಲ್ಸ್‌ಗೂ ಹಾಗೇ ಆಯಿತು. 2024ರಲ್ಲಿ ಪ್ರದೀಪ್ ನರ್ವಾಲ್‌ರನ್ನು 70 ಲಕ್ಷಕ್ಕೆ ತಂದು ಕೊನೆಯ ಸ್ಥಾನಕ್ಕೆ ಬಿದ್ದರು. ಮೂಲೆಯಲ್ಲಿ ಹಿಡಿಯುವವರಿಗೆ ಅಷ್ಟು ಸಿಗುವುದು ಅಪರೂಪ, ಅವರ ಪೋಸ್ಟರ್ ಆಟೋ ಹಿಂದೆ ಇರುವುದೂ ಅಪರೂಪ.

ಹೆಣ್ಣುಮಕ್ಕಳ ಲೀಗ್‌ನಲ್ಲಿ ಹರಾಜು ಶುರುವಾದದ್ದು 2023ರಲ್ಲಿ. ಶ್ರೇಯಾಂಕಾ ಪಾಟೀಲ್‌ರನ್ನು ಆರ್‌ಸಿಬಿ 10 ಲಕ್ಷಕ್ಕೆ ತೆಗೆದುಕೊಂಡಿತು. 2024ರ ಮಾರ್ಚ್ 17ರ ಫೈನಲ್‌ನಲ್ಲಿ ಅವರು 12 ರನ್‌ಗೆ 4 ವಿಕೆಟ್ ತೆಗೆದರು, ಟೂರ್ನಿಯಲ್ಲಿ ಅತಿ ಹೆಚ್ಚು ವಿಕೆಟ್ ಅವರದ್ದೇ. ಆರ್‌ಸಿಬಿ ಎಂಬ ಹೆಸರಿಗೆ ಮೊದಲ ಕಪ್ಪು ತಂದವರು ಗಂಡಸರಲ್ಲ ಎಂಬುದನ್ನು ಚಹಾ ಅಂಗಡಿಯಲ್ಲಿ ಯಾಕೋ ಬೇಗ ಮರೆಯುತ್ತಾರೆ. ಅದೇ ವರ್ಷ ಬೆಂಗಳೂರಿನ ಇನ್ನೊಬ್ಬ ಹುಡುಗಿ ವೃಂದಾ ದಿನೇಶ್‌ಗೆ ಯುಪಿ ವಾರಿಯರ್ಸ್ 1 ಕೋಟಿ 30 ಲಕ್ಷ ಕೊಟ್ಟಿತ್ತು. ಫೀಲ್ಡಿಂಗ್ ಮಾಡುವಾಗ ಬಿದ್ದು ಭುಜಕ್ಕೆ ಪೆಟ್ಟಾಗಿ ಟೂರ್ನಿಯಿಂದ ಹೊರಬಿದ್ದರು. 10 ಲಕ್ಷದವರು ಗೆದ್ದರು, ಕೋಟಿಯವರು ಸೋತರು ಎಂದು ಕಥೆ ಕಟ್ಟುವುದು ಸುಲಭ. ಬಿದ್ದು ಭುಜಕ್ಕೆ ಪೆಟ್ಟಾಗುವುದನ್ನು ಯಾವ ರೀಲರ್ ಮೊದಲೇ ಹೇಳಬಲ್ಲ?

ಕೊನೆಗೆ ಬೆಲೆಯೇ ಇಲ್ಲದವರ ಮಾತು. 2011ರ ಹರಾಜಿನಲ್ಲಿ ಕ್ರಿಸ್ ಗೇಲ್ ಯಾರಿಗೂ ಬೇಡವಾಗಿದ್ದರು. ಗಾಯಗೊಂಡ ಬೌಲರ್ ಬದಲಿಗೆ ನಡುವೆ ಬಂದು ಬೆಂಗಳೂರಿಗೆ 608 ರನ್ ಹೊಡೆದರು. ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಕರುಣ್ ನಾಯರ್‌ಗೆ ಕರ್ನಾಟಕ ತಂಡದಲ್ಲೇ ಜಾಗ ಹೋಗಿ, ಇನ್ನೊಂದು ಅವಕಾಶ ಕೊಡು ಎಂದು ಕ್ರಿಕೆಟ್ಟನ್ನೇ ಬೇಡಿಕೊಂಡಿದ್ದರು. ವಿದರ್ಭಕ್ಕೆ ಹೋಗಿ ಆಡಿದರು. 2025ರಲ್ಲಿ ದೆಹಲಿ 50 ಲಕ್ಷಕ್ಕೆ ಕೊಂಡಿತು. ಆಡಿದ ಮೊದಲ ಪಂದ್ಯದಲ್ಲಿ ಮುಂಬೈ ಎದುರು 40 ಎಸೆತಕ್ಕೆ 89. ಆ ಜೂನ್‌ನಲ್ಲಿ ಎಂಟು ವರ್ಷದ ಮೇಲೆ ಮತ್ತೆ ಭಾರತದ ಟೆಸ್ಟ್ ಟೋಪಿ.

ಜೆಡ್ಡಾ ಹರಾಜಿನಲ್ಲಿ ದೇವದತ್ತ ಪಡಿಕ್ಕಲ್ ಹೆಸರು ಮೊದಲ ಸಲ ಕೂಗಿದಾಗ ಯಾರೂ ಕೈ ಎತ್ತಲಿಲ್ಲ. 2022ರಲ್ಲಿ 7 ಕೋಟಿ 75 ಲಕ್ಷಕ್ಕೆ ಹೋಗಿದ್ದವರು. ಎರಡನೇ ಸಲ ಆರ್‌ಸಿಬಿ 2 ಕೋಟಿಗೆ ತೆಗೆದುಕೊಂಡಿತು. ಚೆನ್ನಾಗಿಯೇ ಆಡಿದರು. ಆದರೆ ನಡುವೆ ಗಾಯವಾಯಿತು. ಬದಲಿಗೆ ಬಂದವರು ಮಯಾಂಕ್ ಅಗರ್‌ವಾಲ್. ಇವರನ್ನಂತೂ ಆ ಹರಾಜಿನಲ್ಲಿ ಯಾರೂ ಕೊಂಡೇ ಇರಲಿಲ್ಲ. 2025ರ ಜೂನ್ 3ರ ಅಹಮದಾಬಾದ್ ಫೈನಲ್‌ನಲ್ಲಿ ಮಯಾಂಕ್ 18 ಎಸೆತಕ್ಕೆ 24 ಹೊಡೆದರು. ಆರ್‌ಸಿಬಿ 190, ಪಂಜಾಬ್ 184. ಗೆಲುವಿನ ಅಂತರ 6 ರನ್. 2009ರಲ್ಲಿ ಸೋತದ್ದೂ ಅಷ್ಟಕ್ಕೇ. ಆ ರಾತ್ರಿ ಬೌಂಡರಿ ಪಕ್ಕ ಮಂಡಿಯೂರಿ ಅತ್ತವನು, ದೆಹಲಿ ಬೇಡವೆಂದು ಬಿಟ್ಟಿದ್ದ ಆ 12 ಲಕ್ಷದ ಹುಡುಗ. 18 ವರ್ಷ ಒಂದೇ ತಂಡ.

ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಗೌರಿಬಿದನೂರಿನಿಂದ ರೈಲು ಹತ್ತಿದರೆ ಬೆಂಗಳೂರು ಎಷ್ಟು ಹತ್ತಿರ ಎಂದು ನಿಮಗೆ ಗೊತ್ತು. ಆ ಸಂಜೆ ನಮ್ಮ ಕಡೆಯ ಎಷ್ಟು ಮನೆಗಳಿಂದ ಮಕ್ಕಳಿಗೆ ಫೋನ್ ಹೋಗಿರಬೇಡ. ಬಹಳ ದಿನ ಅಲೀಪುರದಲ್ಲಿ ಈ ಜಗಳ ಯಾರೂ ತೆಗೆಯಲಿಲ್ಲ.

ಈಗ ಮತ್ತೆ ಶುರುವಾಗಿದೆ. ಈಗಂತೂ ನಮ್ಮ ತಾಲ್ಲೂಕುಗಳ ಟೆನಿಸ್ ಬಾಲ್ ಟೂರ್ನಿಗಳಿಗೂ ಹರಾಜು ಬಂದಿದೆ. ಟೀಮ್ ಓನರ್ ಎಂದು ನಾಲ್ಕಾರು ಮಂದಿ ಕುರ್ಚಿ ಹಾಕಿ ಕೂರುತ್ತಾರೆ, ದುಡ್ಡಲ್ಲ, ಪಾಯಿಂಟ್ ಕೂಗುತ್ತಾರೆ. ಹುಡುಗರ ಫೋಟೋ ಪರದೆ ಮೇಲೆ ಬರುತ್ತದೆ. ಊರವರೆಲ್ಲ ನೋಡುತ್ತಿರುತ್ತಾರೆ, ಫೋನಿನಲ್ಲಿ ಲೈವ್ ಬೇರೆ. ಅಂಥದ್ದೊಂದು ಹರಾಜಿಗೆ ನಾವು ಹೋಗಿದ್ದೆವು. ಪಿಯುಸಿ ಓದುವ ಹುಡುಗನೊಬ್ಬನ ಫೋಟೋ ಬಂತು. ಚೆನ್ನಾಗಿ ಬ್ಯಾಟ್ ಮಾಡುವವನು, ಅವನ ಆಟ ನಾವೇ ನೋಡಿದ್ದೇವೆ. ಕೂಗುವವನು ಮೂರು ಸಲ ಕೇಳಿದ. ಯಾರೂ ಕೈ ಎತ್ತಲಿಲ್ಲ. ಅನ್‌ಸೋಲ್ಡ್ ಅಂದ. ಹಿಂದಿನಿಂದ ಯಾರೋ ನಕ್ಕರು. ಅವನ ಅಪ್ಪನೂ ಅಲ್ಲೇ ನಿಂತಿದ್ದರು.

ಆಮೇಲೆ ಒಬ್ಬ ಓನರ್‌ನನ್ನು ಕೇಳಿದೆವು. "ಹುಡುಗ ಒಳ್ಳೆ ಆಟಗಾರನೇ ಸಾರ್. ಆದ್ರೆ ನಮ್ಮ ಟೀಮಲ್ಲಿ ಬ್ಯಾಟ್ ಹಿಡಿಯೋರೇ ಎಂಟು ಜನ ಇದ್ದಾರೆ. ನಮಗೆ ಬೇಕಾಗಿದ್ದು ಬೌಲರ್" ಅಂದರು. 2008ರಲ್ಲಿ ದೆಹಲಿಯವರು ಹೇಳಿಕೊಂಡಿರಬಹುದಾದ ಮಾತೇ ಅದು. ಆದರೆ ಆ ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ. ತಿಂಗಳುಗಟ್ಟಲೆ ಅವನು ಮೈದಾನದ ಕಡೆ ಬರಲಿಲ್ಲ.

ಹೋಗಿ ಹೇಳಿ ಬಂದೆವು. ಕೊಹ್ಲಿ, ಸಂಗ್ವಾನ್ ಕಥೆಯನ್ನೂ ಹೇಳಿದೆವು. ತಲೆ ತಗ್ಗಿಸಿಕೊಂಡು ಕೇಳಿದ, ಏನೂ ಮಾತಾಡಲಿಲ್ಲ. ಅವನ ಅಮ್ಮ ಮಜ್ಜಿಗೆ ಕೊಟ್ಟು, "ಓದ್ಕೊಳ್ಳಿ ಬಿಡಿ ಸಾರ್, ಆಟ ಎಲ್ಲಿಗ್ ಬಂತು" ಅಂದರು.

ಹೋದ ವಾರ ಅವನ ಗೆಳೆಯ ಸಿಕ್ಕಿದ್ದ. ಮುಂದಿನ ಟೂರ್ನಿಯ ಹರಾಜಿಗೆ ಇವನು ಮತ್ತೆ ಹೆಸರು ಕೊಟ್ಟಿದ್ದಾನಂತೆ. ಫಾರಂನಲ್ಲಿ ಬ್ಯಾಟ್ಸ್‌ಮನ್ ಎಂದು ಬರೆದಿಲ್ಲ. ಕೀಪರ್ ಎಂದು ಬರೆದಿದ್ದಾನೆ. ಸುತ್ತಮುತ್ತ ಕೀಪರ್‌ಗಳು ಕಡಿಮೆಯಂತೆ.